ಎಲೆಕ್ಟ್ರಾನ್ ಬೂಸ್ಟ್ ತಗೊಳ್ಳಬೇಕಾ, ಫ್ಲ್ಯಾಶ್ ಬರುವ ತನಕ ಕಾಯಬೇಕಾ?

ಓದುಗರ ಪ್ರಶ್ನೆ: ನನಗೆ 47 ವರ್ಷ. ಊರು ಕಾರ್ಕಳದ ಕಡೆ, ಮದುವೆಯಾದ ಮೇಲೆ ಮುಂಬಯಿ ಹತ್ತಿರದ ಡೊಂಬಿವಲಿ. ಎಡ ಸ್ತನದಲ್ಲಿ ಗಡ್ಡೆ ಇತ್ತು. ಸ್ತನ ಉಳಿಸಿ ಗಡ್ಡೆಯನ್ನಷ್ಟೇ ತೆಗೆದರು, ಆಮೇಲೆ ಕೀಮೋ ಆಯಿತು. ರಿಪೋರ್ಟಿನಲ್ಲಿ ಗ್ರೇಡ್ 3, ಅಂಚು ಕ್ಲಿಯರ್, ಕಂಕುಳಿನ ಗಂಟುಗಳಲ್ಲಿ ಏನೂ ಇಲ್ಲ ಎಂದಿದೆ. ಈಗ ರೇಡಿಯೇಷನ್ನಿನ 15 ಸಿಟಿಂಗಿನಲ್ಲಿ 11 ಮುಗಿದಿವೆ. ಮೊನ್ನೆ ಡಾಕ್ಟರು, ಇದಾದ ಮೇಲೆ ಇನ್ನೂ 5 ಸಿಟಿಂಗ್ ಎಲೆಕ್ಟ್ರಾನ್ ಬೂಸ್ಟ್ ಬೇಕು, ನಮ್ಮ ಮೆಷಿನ್ನಿನಲ್ಲಿ ಎಲೆಕ್ಟ್ರಾನ್ ಇಲ್ಲ, ಬೇರೆ ಆಸ್ಪತ್ರೆಗೆ ಬರೆದುಕೊಡುತ್ತೇನೆ ಎಂದರು. ಗಡ್ಡೆ ಇನ್ನೂ ಉಳಿದಿದೆಯಾ? ಎಲೆಕ್ಟ್ರಾನ್ ಅಂದರೆ ಕರೆಂಟ್ ಅಲ್ವಾ, ಹೃದಯ ಅಲ್ಲೇ ಇದೆಯಲ್ಲ? ಪುಣೆಯಲ್ಲಿರುವ ತಮ್ಮ, ‘ಫ್ಲ್ಯಾಶ್ ಅಂತ ಹೊಸದು ಬಂದಿದೆ, ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ, ಚರ್ಮವೂ ಸುಡುವುದಿಲ್ಲ, ಕಾಯೋಣ’ ಎನ್ನುತ್ತಾನೆ. ಅತ್ತೆ, ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಡ ಎನ್ನುತ್ತಾರೆ. ಅವಳು ನಾಲ್ಕನೇ ಕ್ಲಾಸು. ಏನು ಮಾಡಲಿ?

ತಜ್ಞರ ಉತ್ತರ: ನೀವು ಹಲವು ಪ್ರಶ್ನೆ ಕೇಳಿದ್ದೀರಿ. ಆದರೆ ನಿದ್ದೆ ಕೆಡಿಸುತ್ತಿರುವುದು ಮೊದಲನೆಯದೇ ಇರಬೇಕು. ಗಡ್ಡೆ ಉಳಿದಿದೆಯಾ? ಇಲ್ಲ. ಬೂಸ್ಟ್ ಕೊಡುವುದು ಕಾಣುವ ಗಡ್ಡೆಗಲ್ಲ. ಅಂಚು ಕ್ಲಿಯರ್ ಎಂದರೆ ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಸಿಕ್ಕಿಲ್ಲ ಎಂದರ್ಥ. ಆದರೂ ಯಾವ ಸ್ಕ್ಯಾನಿಗೂ ಕಾಣದ ಕೆಲವು ಕೋಶಗಳು ಒಳಗೆ ಉಳಿದಿರುವ ಸಾಧ್ಯತೆ ಇರುತ್ತದೆ. ಸ್ತನದಲ್ಲಿ ಕಾಯಿಲೆ ಮರುಕಳಿಸಿದರೆ ಹೆಚ್ಚಾಗಿ ಮೊದಲು ಗಡ್ಡೆ ಇದ್ದ ಜಾಗದ ಆಸುಪಾಸಿನಲ್ಲೇ ಮರುಕಳಿಸುತ್ತದೆ. ಅದಕ್ಕೇ ಇಡೀ ಸ್ತನಕ್ಕೆ ಕೊಟ್ಟ ಮೇಲೆ ಆ ಜಾಗಕ್ಕೆ ಮಾತ್ರ ಇನ್ನಷ್ಟು ಕೊಡುತ್ತಾರೆ. ಇದು ಚಿಕಿತ್ಸೆಯ ಮಾಮೂಲಿ ಭಾಗ, ಮೊದಲ ದಿನವೇ ಹೇಳಿಬಿಡಬೇಕಾದ ವಿಷಯ. ತಡವಾಗಿ ಹೇಳಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ.

ಬೂಸ್ಟಿನಿಂದ ಲಾಭ ಎಷ್ಟು ಎನ್ನುವುದಕ್ಕೆ ಒಳ್ಳೆಯ ಲೆಕ್ಕ ಇದೆ. ಯುರೋಪಿನಲ್ಲಿ 1989ರಿಂದ 1996ರವರೆಗೆ 5 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು, ಅರ್ಧದಷ್ಟು ಜನಕ್ಕೆ 16 ಗ್ರೇ ಬೂಸ್ಟ್ ಕೊಟ್ಟು, ಉಳಿದವರಿಗೆ ಕೊಡದೆ, 20 ವರ್ಷದ ಫಲಿತಾಂಶ ನೋಡಿದರು. ಗ್ರೇ ಎನ್ನುವುದು ರೇಡಿಯೇಷನ್ ಅಳೆಯುವ ಮಾಪು. ಬೂಸ್ಟ್ ಇಲ್ಲದವರಲ್ಲಿ ಅದೇ ಸ್ತನದಲ್ಲಿ ಕಾಯಿಲೆ ಮರಳಿದ್ದು ಶೇ. 16.4, ಬೂಸ್ಟ್ ತಗೊಂಡವರಲ್ಲಿ ಶೇ. 12. ವಯಸ್ಸು 40 ದಾಟದವರಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು: ಶೇ. 36 ಇದ್ದದ್ದು ಸುಮಾರು 24ಕ್ಕೆ ಇಳಿಯಿತು. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬೂಸ್ಟ್ ತಗೊಂಡವರಲ್ಲಿ ಸ್ತನ ತೀರಾ ಗಟ್ಟಿಯಾಗುವುದು ಶೇ. 1.8ರಿಂದ 5.2ಕ್ಕೆ ಏರಿತು. ಒಟ್ಟು ಆಯುಷ್ಯದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಸರ್ಜರಿ, ಔಷಧಿ ಎಲ್ಲ ಸುಧಾರಿಸಿವೆ, ಹಾಗಾಗಿ ಈಗ ಮರುಕಳಿಸುವ ಪ್ರಮಾಣ ಎರಡೂ ಕಡೆ ಕಡಿಮೆ. 70 ದಾಟಿದ, ಗ್ರೇಡ್ 1, ಅಂದರೆ ನಿಧಾನವಾಗಿ ಬೆಳೆಯುವ ಗಡ್ಡೆಯ ಅಜ್ಜಿಯೊಬ್ಬರು ಕೇಳಿದ್ದರೆ ಬೂಸ್ಟ್ ಬಿಡಬಹುದಾ ಎಂದು ಅವರ ಡಾಕ್ಟರ ಜೊತೆ ಮಾತಾಡಿ ಎನ್ನುತ್ತಿದ್ದೆ. ನಿಮಗೆ 47, ಗ್ರೇಡ್ 3, ಅಂದರೆ ಬೇಗ ಬೆಳೆಯುವ ಬಗೆ. ನಿಮ್ಮ ಜಾಗದಲ್ಲಿ ನನ್ನ ಸ್ವಂತ ತಂಗಿ ಇದ್ದರೂ ಬೂಸ್ಟ್ ತಗೋ ಎಂದೇ ಹೇಳುತ್ತಿದ್ದೆ.

ಇನ್ನು ಎಲೆಕ್ಟ್ರಾನ್. ಕರೆಂಟ್ ಕೊಡುತ್ತಾರೆ ಎಂದು ನಮ್ಮ ಜನ ಎಲ್ಲ ಥರದ ರೇಡಿಯೇಷನ್ನಿಗೂ ಹೇಳುವುದುಂಟು. ಶಾಕ್ ಹೊಡೆಯುವುದಿಲ್ಲ, ಬಿಸಿಯೂ ಗೊತ್ತಾಗುವುದಿಲ್ಲ, ಹೃದಯದ ಬಡಿತಕ್ಕೆ ಏನೂ ಆಗುವುದಿಲ್ಲ. ಈಗ ನಿಮಗೆ ಕೊಡುತ್ತಿರುವುದು ಫೋಟಾನ್, ಅಂದರೆ ಬಹಳ ಶಕ್ತಿಯ ಎಕ್ಸ್‌ರೇ. ಬೂಸ್ಟಿಗೆ ಬಳಸುವುದು ಎಲೆಕ್ಟ್ರಾನ್ ಕಣಗಳನ್ನೇ. ಎರಡೂ ಲಿನಾಕ್ ಎನ್ನುವ ಮೆಷಿನ್ನಿನಿಂದಲೇ ಬರುತ್ತವೆ. ಎಲೆಕ್ಟ್ರಾನ್‌ಗಳನ್ನು ವೇಗವಾಗಿ ಓಡಿಸಿ ಲೋಹದ ತಗಡಿಗೆ ಬಡಿಸಿದರೆ ಎಕ್ಸ್‌ರೇ ಹುಟ್ಟುತ್ತದೆ. ಆ ತಗಡನ್ನು ದಾರಿಯಿಂದ ಸರಿಸಿದರೆ ಎಲೆಕ್ಟ್ರಾನ್ ನೇರ ಹೊರಗೆ ಬರುತ್ತದೆ. ಎರಡೂ ಮಾಡುವ ಕೆಲಸ ಒಂದೇ, ಕ್ಯಾನ್ಸರ್ ಕೋಶದ ಡಿಎನ್‌ಎ ಮುರಿಯುವುದು. ವ್ಯತ್ಯಾಸ ಇರುವುದು ಎಷ್ಟು ಆಳಕ್ಕೆ ಹೋಗುತ್ತವೆ ಎನ್ನುವುದರಲ್ಲಿ.

ಎಕ್ಸ್‌ರೇ ದೇಹದೊಳಗೆ ಹೊಕ್ಕು ನಿಧಾನವಾಗಿ ಕಡಿಮೆಯಾಗುತ್ತಾ ಆಚೆ ಕಡೆಯಿಂದ ಹೊರಗೆ ಹೋಗುತ್ತದೆ. ಸಾಮಾನ್ಯವಾಗಿ ಬಳಸುವ ಫೋಟಾನ್ ಕಿರಣ 10 ಸೆಂಟಿಮೀಟರ್ ಆಳದಲ್ಲೂ ಮೂರರಲ್ಲಿ ಎರಡು ಪಾಲು ಉಳಿದಿರುತ್ತದೆ. ಎಲೆಕ್ಟ್ರಾನ್ ಹಾಗಲ್ಲ. ಗದ್ದೆಯ ಕೆಸರಿಗೆ ಎಸೆದ ಕಲ್ಲಿನ ಹಾಗೆ, ಎಷ್ಟು ಜೋರಾಗಿ ಎಸೆದಿರೋ ಅಷ್ಟು ಆಳಕ್ಕೆ ಹೋಗಿ ಅಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಒಂದು ಬಾಯಿಲೆಕ್ಕ ಇದೆ. ಎಲೆಕ್ಟ್ರಾನ್ ಶಕ್ತಿಯನ್ನು ಎಂಇವಿ ಎಂಬ ಅಳತೆಯಲ್ಲಿ ಹೇಳುತ್ತೇವೆ. ಆ ಅಂಕಿಯನ್ನು ಸುಮಾರು 3ರಿಂದ ಭಾಗಿಸಿದರೆ ಎಷ್ಟು ಸೆಂಟಿಮೀಟರ್ ತನಕ ಚೆನ್ನಾಗಿ ಡೋಸ್ ಸಿಗುತ್ತದೆ ಎಂದು ಗೊತ್ತಾಗುತ್ತದೆ. 2ರಿಂದ ಭಾಗಿಸಿದರೆ ಎಲ್ಲಿ ನಿಲ್ಲುತ್ತದೆ ಎಂದು. 9 ಎಂಇವಿ ಆದರೆ ಹೆಚ್ಚುಕಡಿಮೆ 3 ಸೆಂಟಿಮೀಟರ್ ತನಕ ಕೆಲಸ ಮಾಡಿ, ನಾಲ್ಕೂವರೆಯಲ್ಲಿ ನಿಂತುಬಿಡುತ್ತದೆ. ಅದರಾಚೆ ಎಕ್ಸ್‌ರೇ ರೂಪದಲ್ಲಿ ಶೇ. 1ರಿಂದ 5ರಷ್ಟು ಬಾಲ ಮಾತ್ರ ಉಳಿಯುತ್ತದೆ. ಚರ್ಮದ ಕ್ಯಾನ್ಸರ್, ತುಟಿಯ ಗಡ್ಡೆ, ಸರ್ಜರಿಯಾದ ಎದೆಗೂಡಿನ ಚರ್ಮ, ಇಂಥ ಮೇಲುಮೇಲಿನ ಜಾಗಗಳಿಗೆ 1950ರ ದಶಕದಿಂದಲೂ ಇದನ್ನು ಬಳಸುತ್ತಾ ಬಂದಿದ್ದಾರೆ. ನಿಮ್ಮ ಮೇಲೆ ಯಾರೂ ಪ್ರಯೋಗ ಮಾಡುತ್ತಿಲ್ಲ.

ಹೃದಯದ ಬಗ್ಗೆ ನಿಮ್ಮ ಕಾಳಜಿ ಸರಿಯಾದದ್ದೇ. ರೇಡಿಯೇಷನ್ ಹೃದಯಕ್ಕೆ ಬಿದ್ದಷ್ಟೂ ಮುಂದೆ ಹೃದಯದ ತೊಂದರೆ ಹೆಚ್ಚುತ್ತದೆ ಎನ್ನುವುದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಸ್ಪಷ್ಟವಾಯಿತು. ಸರಾಸರಿ 1 ಗ್ರೇ ಹೆಚ್ಚಾದರೆ ಮೊದಲೇ ಎಷ್ಟು ಅಪಾಯ ಇತ್ತೋ ಅದರ ಶೇ. 7.4ರಷ್ಟು ಏರುತ್ತದೆ. ಎಡ ಸ್ತನದಲ್ಲಿ ಕಾಯಿಲೆ ಇದ್ದವರಿಗೆ ಉಸಿರು ಎಳೆದು ಹಿಡಿದುಕೊಳ್ಳಿ ಎಂದು ಹೇಳಿ ಕಿರಣ ಬಿಡುವುದು ಅದಕ್ಕೇ, ಆಗ ಹೃದಯ ಸ್ವಲ್ಪ ಹಿಂದೆ ಸರಿಯುತ್ತದೆ. ಎಲೆಕ್ಟ್ರಾನ್ ಬೇಗ ನಿಲ್ಲುವುದರಿಂದ ಹೃದಯಕ್ಕೆ ಅನುಕೂಲ. ಆದರೆ ಒಂದು ಸೂಕ್ಷ್ಮ ಇದೆ. ಶ್ವಾಸಕೋಶದಲ್ಲಿ ತುಂಬಿರುವುದು ಗಾಳಿ. ಎಲೆಕ್ಟ್ರಾನ್ ಪಕ್ಕೆಲುಬು ದಾಟಿತೋ, ಅಲ್ಲಿ ತಡೆಯುವವರಿಲ್ಲ, ಮಾಂಸದಲ್ಲಿ ಹೋಗುವುದರ ಮೂರು ಪಟ್ಟು ದೂರ ಹೋಗಿಬಿಡಬಹುದು. ಹಾಗಾಗಿ ಶಕ್ತಿ ಒಂದು ಮೆಟ್ಟಿಲು ಜಾಸ್ತಿ ಆರಿಸಿದರೆ ಶ್ವಾಸಕೋಶಕ್ಕೆ ಸುಮ್ನೆ ಪೆಟ್ಟು. ಒಂದು ಮೆಟ್ಟಿಲು ಕಡಿಮೆ ಆರಿಸಿದರೆ ಗಡ್ಡೆ ಇದ್ದ ಜಾಗದ ತಳಕ್ಕೆ ಡೋಸೇ ಸಾಲದು.

ಇದಕ್ಕೇ ನಾನು ಹೇಳುವುದು, ‘ಎಲೆಕ್ಟ್ರಾನ್ ಒಳ್ಳೆಯದಾ ಕೆಟ್ಟದ್ದಾ’ ಎಂದು ಕೇಳುವುದಕ್ಕಿಂತ ‘ನನ್ನ ಗಡ್ಡೆ ಇದ್ದ ಜಾಗ ಚರ್ಮದಿಂದ ಎಷ್ಟು ಆಳದಲ್ಲಿದೆ, ಅದು ನಿಮಗೆ ಹೇಗೆ ಗೊತ್ತಾಯಿತು’ ಎಂದು ಕೇಳಿ. ನಿಮ್ಮ ತಮ್ಮನಿಗೂ ಇದೇ ಮಾತು. ಕಳೆದ ಕೆಲವು ದಶಕಗಳಲ್ಲಿ ಎಲೆಕ್ಟ್ರಾನ್ ಚಿಕಿತ್ಸೆಯಲ್ಲಿ ರೋಗಿಗೆ ನಿಜವಾಗಿ ಸಿಕ್ಕ ಸುಧಾರಣೆ ಇರುವುದು ಈ ಅಳತೆಯಲ್ಲೇ. ಹಿಂದೆ ಹೊಲಿಗೆ ಗುರುತಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಕೈಯಿಂದ ಮುಟ್ಟಿ ನೋಡಿ ಆಳ ಅಂದಾಜು ಮಾಡುತ್ತಿದ್ದರು. ಈಗಿನ ಸರ್ಜನ್‌ಗಳು ಸ್ತನದ ಅಂದ ಕೆಡದಿರಲಿ ಎಂದು ತೊಟ್ಟಿನ ಅಂಚಿನಲ್ಲೋ ಪಕ್ಕದ ಮಡಿಕೆಯಲ್ಲೋ ಕೊಯ್ದು, ಒಳಗಿನಿಂದ ಹೋಗಿ ಗಡ್ಡೆ ತೆಗೆಯುತ್ತಾರೆ. ಹೊಲಿಗೆ ಒಂದು ಕಡೆ, ಗಡ್ಡೆ ಇದ್ದ ಜಾಗ ಇನ್ನೊಂದು ಕಡೆ. ಹೊಲಿಗೆ ನೋಡಿ ಬೂಸ್ಟ್ ಕೊಟ್ಟರೆ ಗುರಿ ತಪ್ಪುತ್ತದೆ. ಅದಕ್ಕೇ ಒಳ್ಳೆಯ ಸರ್ಜನ್ ಆ ಗುಳಿಯ ಸುತ್ತ ಸಣ್ಣ ಲೋಹದ ಕ್ಲಿಪ್ ಹಾಕಿಟ್ಟಿರುತ್ತಾರೆ, ಸಿಟಿ ಸ್ಕ್ಯಾನಿನಲ್ಲಿ ಅವು ಬೆಳ್ಳಗೆ ಹೊಳೆಯುತ್ತವೆ. ನಿಮ್ಮ ಆಪರೇಷನ್ ನೋಟಿನಲ್ಲಿ ಕ್ಲಿಪ್ ಎಂಬ ಮಾತು ಇದೆಯಾ ನೋಡಿ. ಆ ಸ್ಕ್ಯಾನಿನ ಮೇಲೆ ಒಂದೊಂದು ಎಲೆಕ್ಟ್ರಾನ್ ಎಲ್ಲಿ ಚದುರುತ್ತದೆ ಎಂದು ಲೆಕ್ಕ ಹಾಕುವ ಮಾಂಟೆ ಕಾರ್ಲೋ ಪದ್ಧತಿಯ ಸಾಫ್ಟ್‌ವೇರ್ ಈಗ ಹಲವು ಕಡೆ ಇದೆ. ಮೂಗು, ಕಿವಿಯಂಥ ಏರುತಗ್ಗಿನ ಜಾಗಗಳಿಗೆ ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ಮಾಡಿ ಕೂರಿಸುವುದೂ ಬಂದಿದೆ.

ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಮೊದಲು ನಿಮ್ಮನ್ನು ಸ್ವಲ್ಪ ಬಲಕ್ಕೆ ವಾಲಿಸಿ ಮಲಗಿಸಬಹುದು, ಆ ಜಾಗ ಮೇಲ್ಮುಖವಾಗಿ ಸಮತಟ್ಟಾಗಲಿ ಎಂದು. ಓರೆಯಾದ ಮೈಮೇಲೆ ಎಲೆಕ್ಟ್ರಾನ್ ಸಮನಾಗಿ ಹರಡುವುದಿಲ್ಲ. ಹಾಗೆ ವಾಲಿಸಿದರೆ ಸ್ತನದ ಆಕಾರವೇ ಬದಲಾಗುತ್ತದೆ, ಹಾಗಾಗಿ ಅದೇ ಭಂಗಿಯಲ್ಲಿ ಹೊಸ ಸಿಟಿ ಬೇಕು, ಹಳೆಯದು ಸಾಲದು. ಆಮೇಲೆ ಬೂಸ್ಟ್ ಜಾಗದ ಆಕಾರವನ್ನು ಪಾರದರ್ಶಕ ಹಾಳೆಯ ಮೇಲೆ ಇಳಿಸಿಕೊಳ್ಳುತ್ತಾರೆ. ಮೌಲ್ಡ್ ರೂಮಿನಲ್ಲಿ ಅದೇ ಆಕಾರಕ್ಕೆ ಥರ್ಮಾಕೋಲ್ ಕತ್ತರಿಸಿ, ಸುತ್ತ ಸೀಸ, ಬಿಸ್ಮತ್ ಎಲ್ಲ ಸೇರಿದ ಮಿಶ್ರಲೋಹ ಕರಗಿಸಿ ಹೊಯ್ಯುತ್ತಾರೆ. ಅದು ಸುಮಾರು 70 ಡಿಗ್ರಿಯಲ್ಲೇ ಕರಗುತ್ತದೆ. ತಣಿದ ಮೇಲೆ ಥರ್ಮಾಕೋಲ್ ತೆಗೆದರೆ ನಿಮ್ಮ ಅಳತೆಯ ಕಿಟಕಿ ಇರುವ ದಪ್ಪ ಫಲಕ ಸಿಗುತ್ತದೆ. ಅದರ ಮೇಲೆ ನಿಮ್ಮ ಹೆಸರು, ಫೈಲ್ ನಂಬರ್ ಬರೆದಿರುತ್ತಾರೆ. ಸಿಟಿಂಗಿನ ದಿನ ಮೆಷಿನ್ನಿನ ತಲೆಗೆ ಕೋನ್ ಎನ್ನುವ ಚೌಕಟ್ಟು ಸಿಕ್ಕಿಸಿ, ಫಲಕವನ್ನು ಅದರಲ್ಲಿ ಕೂರಿಸಿ, ಚರ್ಮದಿಂದ ಸುಮಾರು 5 ಸೆಂಟಿಮೀಟರ್ ಹತ್ತಿರಕ್ಕೆ ತರುತ್ತಾರೆ. ಇಷ್ಟು ಹತ್ತಿರ ಬರುವುದನ್ನು ನೋಡಿ ಹೊಸಬರು ಗಾಬರಿಯಾಗುತ್ತಾರೆ, ಅದು ನಿಮ್ಮನ್ನು ಒತ್ತುವುದಿಲ್ಲ. ಕೋಣೆಯ ದೀಪ ಮಂದ ಮಾಡಿ, ಕಿಟಕಿಯ ಬೆಳಕು ಪೆನ್ನಿನ ಗೆರೆಯ ಮೇಲೆ ಸರಿಯಾಗಿ ಬಿತ್ತಾ ಎಂದು ನೋಡಿ, ಎಲ್ಲರೂ ಹೊರಗೆ ಹೋಗುತ್ತಾರೆ. ಕ್ಯಾಮೆರಾದಲ್ಲಿ ನಿಮ್ಮನ್ನು ನೋಡುತ್ತಲೇ ಇರುತ್ತಾರೆ. ಒಂದೆರಡು ನಿಮಿಷ ಗುಂಯ್ ಎನ್ನುವ ಸದ್ದು, ಅಷ್ಟೇ. ಆ ಹೊತ್ತಿಗೆ ಕರಿಮಣಿ, ಚೈನು ಏನೂ ಕತ್ತಿನಲ್ಲಿ ಬೇಡ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಎಲ್ಲ ಲಿನಾಕ್‌ಗಳಲ್ಲೂ ಎಲೆಕ್ಟ್ರಾನ್ ಇರುವುದಿಲ್ಲ. ಕೋಬಾಲ್ಟ್ ಮೆಷಿನ್ನಿನಲ್ಲಂತೂ ಇಲ್ಲವೇ ಇಲ್ಲ. ನಿಮ್ಮನ್ನು ಬೇರೆ ಕಡೆ ಕಳಿಸುತ್ತಿರುವುದರಲ್ಲಿ ಇದಕ್ಕಿಂತ ಹೆಚ್ಚಿನ ಕಾರಣ ಹುಡುಕಬೇಡಿ. ಆದರೆ ಈಗಿರುವ ಆಸ್ಪತ್ರೆಯಲ್ಲೇ ಫೋಟಾನ್‌ನಿಂದ ಬೂಸ್ಟ್ ಕೊಡಬಹುದಾ ಎಂದು ಖಂಡಿತ ಕೇಳಿ. ಮೇಲೆ ಹೇಳಿದ ಯುರೋಪಿನ ಅಧ್ಯಯನದಲ್ಲೇ ಕೆಲವರಿಗೆ ಎಲೆಕ್ಟ್ರಾನ್, ಕೆಲವರಿಗೆ ಫೋಟಾನ್, ಇನ್ನು ಕೆಲವರಿಗೆ ಸ್ತನದೊಳಗೇ ಇಟ್ಟು ರೇಡಿಯೇಷನ್ ಕೊಡುವ ಇರಿಡಿಯಂ ತಂತಿ ಬಳಸಿದ್ದರು. ಗಡ್ಡೆ ಇದ್ದ ಜಾಗ ಚರ್ಮದಿಂದ 3 ಸೆಂಟಿಮೀಟರಿನೊಳಗೆ ಇದ್ದರೆ ಎಲೆಕ್ಟ್ರಾನ್ ಚೆಂದ, ಒಳಗಿನ ಅಂಗಗಳು ಉಳಿಯುತ್ತವೆ. ಅದಕ್ಕೆ ತೆರಬೇಕಾದ ಬೆಲೆ ಚರ್ಮದ ಮೇಲೆ ಬೀಳುತ್ತದೆ. ಫೋಟಾನ್ ಚರ್ಮವನ್ನು ಸ್ವಲ್ಪ ಉಳಿಸಿ ಒಳಗೆ ಹೋಗುತ್ತದೆ, ಎಲೆಕ್ಟ್ರಾನ್ ಚರ್ಮಕ್ಕೂ ಮುಕ್ಕಾಲು ಪಾಲಿನಿಂದ ಹೆಚ್ಚುಕಡಿಮೆ ಪೂರ್ತಿ ಡೋಸಿನ ತನಕ ಕೊಡುತ್ತದೆ. ಆ ಚೌಕ ಕಪ್ಪಾಗುತ್ತದೆ, ಸಿಪ್ಪೆ ಏಳಬಹುದು, ವರ್ಷಗಳ ನಂತರ ಸಣ್ಣ ಕೆಂಪು ರಕ್ತನಾಳಗಳು ಕಾಣಿಸಿಕೊಳ್ಳಬಹುದು. ಜಾಗ 4 ಸೆಂಟಿಮೀಟರಿಗಿಂತ ಆಳದಲ್ಲಿದ್ದರೆ ಎಲೆಕ್ಟ್ರಾನಿಗಾಗಿ ಊರೆಲ್ಲ ಸುತ್ತಬೇಡಿ, ಈಗಿನ ಜಾಗದಲ್ಲೇ ಫೋಟಾನ್ ತಗೊಳ್ಳಿ. ಎರಡರ ನಡುವೆ ಇದ್ದರೆ ಡಾಕ್ಟರು ಎರಡೂ ಪ್ಲಾನ್ ಹಾಕಿ ಹೋಲಿಸಿ ನೋಡಲಿ.

ಇಡೀ ಸ್ತನದ ಜೊತೆಗೇ ಬೂಸ್ಟನ್ನೂ ಸೇರಿಸಿ 15 ಸಿಟಿಂಗಿನಲ್ಲೇ ಮುಗಿಸುವ ಪದ್ಧತಿಯೂ ಈಗ ಇದೆ. 11 ಆಗಿರುವುದರಿಂದ ನಿಮಗೆ ಅದು ದಾಟಿಹೋಯಿತು. ಆಪರೇಷನ್ ಟೇಬಲ್ಲಿನಲ್ಲೇ, ಗಾಯ ತೆರೆದಿರುವಾಗಲೇ ಎಲೆಕ್ಟ್ರಾನ್ ಕೊಡುವ ವಿಧಾನವೂ ಇದೆ, ಅದೂ ಈಗ ಬರುವುದಿಲ್ಲ. ಅದರ ಬಗ್ಗೆ ಕೊರಗಬೇಡಿ. ಇಟಲಿಯ ಮಿಲಾನಿನಲ್ಲಿ ಹೀಗೆ ಒಂದೇ ಸಲಕ್ಕೆ 21 ಗ್ರೇ ಕೊಟ್ಟು ರೇಡಿಯೇಷನ್ ಮುಗಿಸಿದವರಲ್ಲಿ 5 ವರ್ಷಕ್ಕೆ ಶೇ. 4.4 ಮಂದಿಗೆ ಕಾಯಿಲೆ ಸ್ತನದಲ್ಲಿ ಮರಳಿತು. ಮಾಮೂಲಿ ರೇಡಿಯೇಷನ್ ತಗೊಂಡವರಲ್ಲಿ ಅದು ಬರೀ ಶೇ. 0.4. ಯಾರಾದರೂ ಖಾರ್ಘರಿನಲ್ಲಿ ಟಾಟಾ ಮೆಮೋರಿಯಲ್‌ನ ಪ್ರೋಟಾನ್ (ಇನ್ನೊಂದು ಬಗೆಯ ಕಣದ ರೇಡಿಯೇಷನ್) ಇದೆಯಲ್ಲ ಎಂದರೆ, ಮಕ್ಕಳ ಗಡ್ಡೆ, ತಲೆಬುರುಡೆಯ ತಳದ ಗಡ್ಡೆಗಳಿಗೆ ಅದರ ಅಗತ್ಯ ಹೆಚ್ಚು. ನಿಮ್ಮ 5 ಸಿಟಿಂಗಿಗೆ ಬೇಕಿಲ್ಲ.

ತಮ್ಮ ಹೇಳಿದ ಫ್ಲ್ಯಾಶ್ ಸುಳ್ಳಲ್ಲ. ನನ್ನ ವೃತ್ತಿಯಲ್ಲಿ ನಾನು ತುಂಬಾ ಆಸೆಯಿಂದ ಕಾಯುತ್ತಿರುವ ವಿಷಯ ಅದು. ನಮ್ಮ ಮೆಷಿನ್‌ಗಳು ಸಾಮಾನ್ಯವಾಗಿ ನಿಮಿಷಕ್ಕೆ ಕೆಲವೇ ಗ್ರೇ ಕೊಡುತ್ತವೆ. ಫ್ಲ್ಯಾಶ್‌ನಲ್ಲಿ ಸೆಕೆಂಡಿಗೆ 40 ಗ್ರೇಗಿಂತ ಹೆಚ್ಚು. 2014ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದ್ದು ಏನೆಂದರೆ, ಅಷ್ಟು ವೇಗವಾಗಿ ಕೊಟ್ಟಾಗ ಗಡ್ಡೆ ಮೊದಲಿನಂತೆಯೇ ಸಾಯುತ್ತದೆ, ಒಳ್ಳೆಯ ಅಂಗಾಂಶಕ್ಕೆ ಹಾನಿ ಕಡಿಮೆ. ಯಾಕೆ ಹೀಗೆ ಎನ್ನುವುದು ಇನ್ನೂ ಚರ್ಚೆಯಲ್ಲಿದೆ. 2018ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಚರ್ಮದ ಲಿಂಫೋಮಾ ಎಂಬ ಕ್ಯಾನ್ಸರ್ ಇದ್ದ 75 ವರ್ಷದ ಒಬ್ಬರಿಗೆ ಎಲೆಕ್ಟ್ರಾನ್ ಫ್ಲ್ಯಾಶ್‌ನಿಂದ 15 ಗ್ರೇ ಕೊಟ್ಟರು, 90 ಮಿಲಿಸೆಕೆಂಡಿನಲ್ಲಿ. ಗಡ್ಡೆ ಪೂರ್ತಿ ಕರಗಿತು. ತಮ್ಮ ಓದಿದ್ದು ಬಹುಶಃ ಇದೇ. ಅವನಿಗೆ ಮುಂದಿನದ್ದನ್ನೂ ಓದಲು ಹೇಳಿ. ಚರ್ಮದ ಲಿಂಫೋಮಾದ ಒಬ್ಬ ರೋಗಿಯಲ್ಲಿ ಒಂದು ಗಡ್ಡೆಗೆ ಫ್ಲ್ಯಾಶ್, ಇನ್ನೊಂದಕ್ಕೆ ಮಾಮೂಲಿ ವೇಗದಲ್ಲಿ ಕೊಟ್ಟು ಹೋಲಿಸಿದಾಗ ವ್ಯತ್ಯಾಸ ಕಾಣಲಿಲ್ಲ. ಮೂಗಿನ ಕ್ಯಾನ್ಸರ್ ಇದ್ದ ಬೆಕ್ಕುಗಳ ಮೇಲೆ ಮಾಡಿದ ಅಧ್ಯಯನವನ್ನು, ಫ್ಲ್ಯಾಶ್ ತಗೊಂಡ ಕೆಲವು ಬೆಕ್ಕುಗಳ ದವಡೆ ಮೂಳೆ ತಿಂಗಳುಗಳ ನಂತರ ಸತ್ತದ್ದರಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಒಂದೇ ಸಲಕ್ಕೆ ದೊಡ್ಡ ಡೋಸ್ ಕೊಟ್ಟರೆ ಹಾನಿ ತಡವಾಗಿ ಕಾಣಿಸಿಕೊಳ್ಳಬಹುದು ಎನ್ನುವುದು ನಮಗೆಲ್ಲ ಎಚ್ಚರಿಕೆ. ಇದರ ಜೊತೆಗೆ 100 ಎಂಇವಿಗೂ ಹೆಚ್ಚು ಶಕ್ತಿಯ ಎಲೆಕ್ಟ್ರಾನ್‌ಗಳಿಂದ ಆಳದ ಗಡ್ಡೆಗಳನ್ನೂ ಮುಟ್ಟುವ ಕೆಲಸ ನಡೆದಿದೆ. ಜಿನೀವಾ ಬಳಿಯ ಸರ್ನ್ ಸಂಸ್ಥೆ ಲೊಸಾನ್‌ನ ಆಸ್ಪತ್ರೆಯ ಜೊತೆ ಸೇರಿ ಅಂಥ ಮೆಷಿನ್ ರೂಪಿಸುತ್ತಿದೆ. ಇದೆಲ್ಲ ಸಂಶೋಧನೆಯ ಹಂತದ್ದು. ಸ್ತನದ ಬೂಸ್ಟಿಗೆ ನಾಳೆ ಹೋಗಿ ತಗೊಳ್ಳಬಹುದಾದ ಚಿಕಿತ್ಸೆ ಅಲ್ಲ. ಅದಕ್ಕಾಗಿ ಕಾಯುತ್ತಾ ಕೂತರೆ, ಉಳಿದಿರಬಹುದಾದ ಕೋಶಗಳಿಗೆ ಬೆಳೆಯಲು ಸಮಯ ಕೊಟ್ಟಂತೆ. ದಯವಿಟ್ಟು ಕಾಯಬೇಡಿ.

ಮಗಳನ್ನು ಇವತ್ತೇ ಪಕ್ಕದಲ್ಲಿ ಮಲಗಿಸಿಕೊಳ್ಳಿ. ಮೆಷಿನ್ ನಿಂತ ಕ್ಷಣವೇ ಕಿರಣವೂ ನಿಂತಿರುತ್ತದೆ. ನಿಮ್ಮ ಮೈ, ಬಟ್ಟೆ, ಬೆವರು, ಯಾವುದರಿಂದಲೂ ಮಗುವಿಗೆ ಏನೂ ಆಗುವುದಿಲ್ಲ. ಅತ್ತೆಯವರು ಬಹುಶಃ ಥೈರಾಯ್ಡ್‌ಗೆ ರೇಡಿಯೋ ಅಯೋಡಿನ್ ಕುಡಿದವರನ್ನು ಕೆಲವು ದಿನ ದೂರ ಇಟ್ಟದ್ದನ್ನು ಕೇಳಿರಬೇಕು. ಅವರ ವಿಷಯದಲ್ಲಿ ಅದು ನಿಜ, ನಿಮ್ಮ ವಿಷಯದಲ್ಲಿ ಅಲ್ಲ. ಅವರನ್ನೂ ಒಂದು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಟೆಕ್ನಿಷಿಯನ್ ಬಾಯಲ್ಲೇ ಕೇಳಿಸಿ.

ಈ ನಾಲ್ಕು ದಿನದಲ್ಲಿ ಒಂದು ಕೆಲಸ ಮುಗಿಸಿಕೊಳ್ಳಿ. ಆಪರೇಷನ್ ನೋಟ್, ಬಯಾಪ್ಸಿ ರಿಪೋರ್ಟ್, ಇಲ್ಲಿಯವರೆಗಿನ ಡೋಸಿನ ವಿವರ, ಪ್ಲಾನಿಂಗ್ ಸಿಟಿಯ ಸಿಡಿ, ಇವನ್ನೆಲ್ಲ ಈಗಲೇ ಕೇಳಿ ಇಟ್ಟುಕೊಳ್ಳಿ. 15ನೇ ಸಿಟಿಂಗ್ ಮುಗಿದ ಮೇಲೆ ಕೇಳಲು ಹೋದರೆ ಕಾಗದಕ್ಕಾಗಿಯೇ ಒಂದು ವಾರ ಕಳೆಯುತ್ತದೆ. ಹೊಸ ಆಸ್ಪತ್ರೆಯ ಅಪಾಯಿಂಟ್‌ಮೆಂಟನ್ನೂ ಈಗಲೇ ತಗೊಳ್ಳಿ. ಎರಡರ ನಡುವೆ ಕೆಲವು ದಿನದ ಅಂತರ ಪರವಾಗಿಲ್ಲ, ವಾರಗಟ್ಟಲೆ ಬೇಡ. ದುಡ್ಡಿನ ಚಿಂತೆ ಇದ್ದರೆ ಅಲ್ಲಿನ ಸೋಷಿಯಲ್ ವರ್ಕರ್ ಹತ್ತಿರ ಮಹಾರಾಷ್ಟ್ರ ಸರ್ಕಾರದ ಮಹಾತ್ಮ ಫುಲೆ ಆರೋಗ್ಯ ಯೋಜನೆಯಲ್ಲಿ ಆಗುತ್ತದಾ ಎಂದು ಮೊದಲೇ ವಿಚಾರಿಸಿ.

ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ಲಿನಲ್ಲಿ ಬರಬೇಡಿ. ಆ ನೂಕುನುಗ್ಗಲಿನಲ್ಲಿ ಎದೆಗೆ ಒಂದು ಮೊಣಕೈ ತಾಗಿದರೆ ಸುಟ್ಟ ಚರ್ಮ ಕಿತ್ತುಬರುತ್ತದೆ. ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಜಾಗ ಇದೆ, ಆಸ್ಪತ್ರೆಯ ಕಾಗದ ಜೊತೆಗಿರಲಿ. ಮಧ್ಯಾಹ್ನದ ಸ್ಲಾಟ್ ಕೇಳಿ, ಎಷ್ಟೋ ಸಲ ಕೊಡುತ್ತಾರೆ. ಜೋರು ಮಳೆಗೆ ಟ್ರೈನ್ ನಿಂತು ಒಂದು ದಿನ ತಪ್ಪಿದರೆ ಗಾಬರಿ ಬೇಡ. ಫೋನ್ ಮಾಡಿ ತಿಳಿಸಿ, ಆ ಸಿಟಿಂಗನ್ನು ಕೊನೆಗೆ ಸೇರಿಸುತ್ತಾರೆ. ಸ್ನಾನ ಮಾಡಬಹುದು, ಉಗುರುಬೆಚ್ಚಗಿನ ನೀರು, ಮೆತ್ತನೆಯ ಸೋಪು. ಉಜ್ಜಬೇಡಿ, ಮುಂಬಯಿಯ ಬೆವರಿಗೆ ಪೆನ್ನಿನ ಗೆರೆ ತಾನಾಗಿಯೇ ಮಾಸುತ್ತದೆ. ಮಾಸಿದರೆ ನೀವೇ ಎಳೆದುಕೊಳ್ಳಬೇಡಿ. ಅರಿಶಿನ ಹಚ್ಚಬೇಡಿ, ಗೆರೆ ಮುಚ್ಚಿಹೋಗುತ್ತದೆ, ಚರ್ಮವೂ ಉರಿಯುತ್ತದೆ. ಸಿಟಿಂಗಿಗೆ ಮುಂಚೆ ದಪ್ಪಗೆ ಎಣ್ಣೆ ಅಥವಾ ಕ್ರೀಮು ಮೆತ್ತಬೇಡಿ, ಚರ್ಮದ ಡೋಸ್ ಹೆಚ್ಚುತ್ತದೆ. ಬಿಗಿಯಾದ ಬ್ರಾ ಬದಲು ಸಡಿಲ ಹತ್ತಿಯ ಬಟ್ಟೆ ಹಾಕಿ.

ಚರ್ಮ ಹೆಚ್ಚು ಕೆಡುವುದು ಸಿಟಿಂಗ್ ನಡೆಯುವಾಗ ಅಲ್ಲ, ಮುಗಿದ ಒಂದೆರಡು ವಾರದಲ್ಲಿ. ಆಗ ‘ಎಲ್ಲ ಮುಗೀತಲ್ಲ, ಇದೇನಿದು’ ಎಂದು ಹೆದರಬೇಡಿ. ಒಣಗಿ ಸಿಪ್ಪೆ ಏಳುತ್ತಿದ್ದರೆ ಕಾಯಬಹುದು. ನೀರು ಒಸರಿದರೆ, ಕೀವು ಬಂದರೆ, ಜ್ವರ ಬಂದರೆ ಅವತ್ತೇ ಫೋನ್ ಮಾಡಿ. ಸ್ತನ ಕೆಲವು ತಿಂಗಳು ಊದಿಕೊಂಡು ಭಾರ ಅನ್ನಿಸುವುದು ಸಹಜ. ಕೈ ಮೇಲೆತ್ತುವ ವ್ಯಾಯಾಮ ನಿಲ್ಲಿಸಬೇಡಿ. ಮೊದಲ ಮ್ಯಾಮೋಗ್ರಾಮ್ ರೇಡಿಯೇಷನ್ ಮುಗಿದು 6ರಿಂದ 12 ತಿಂಗಳಿಗೆ. ಅದರ ತಾರೀಖನ್ನು ಕೊನೆಯ ಸಿಟಿಂಗಿನ ದಿನವೇ ಬರೆಸಿಕೊಂಡು ಬನ್ನಿ.